ನೀರಿನ ಮೇಲಿನ ಅರಮನೆ

ಊರುಗಳಿಗೆ ಗುಡಿಗೋಪುರಗಳೋ ಕೋಟೆಕೊತ್ತಲಗಳೋ ಗುರುತಾಗಿರುವುದು ವಾಡಿಕೆ. ಊಟದ ಮನೆಯೊಂದು ಊರಿನ ಗುರುತಾಗುವುದು ಅಪೂರ್ವ. ಅದರಲ್ಲಿಯೂ ನೆಲದ ಮೇಲೆ ನಿಲ್ಲದೆ ನೀರಿನ ಮೇಲೆ ತೇಲುತ್ತಿದ್ದ ಭೋಜನಶಾಲೆಯೊಂದು ನಾಲ್ವತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದು ಮಹಾನಗರದ ಗುರುತಾಗಿ ಮೆರೆದು, ಕಡೆಗೆ ನಡುಗಡಲಿನಲ್ಲಿ ಮಗುಚಿಹೋದ ಸಂಗತಿಯು ಕಥೆಗಳಲ್ಲಿ ಓದತಕ್ಕಂಥದು. ಹಾಂಗ್‌ಕಾಂಗ್ ನಗರದ ‘ಜಂಬೋ’ ಎಂಬ ತೇಲುವ ಭೋಜನಶಾಲೆಗೆ ಈ ಗತಿಯಾಯಿತು. ಅದು ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿ ಉಂಡುಬಂದವರಲ್ಲಿ ನಾನೂ ಒಬ್ಬನಾದುದರಿಂದ, ಕಂಡುದನ್ನೂ ಆಮೇಲೆ ತಿಳಿದುದನ್ನೂ ವಾಚಕರ ಮುಂದಿಡಲು ಮನಸ್ಸಾಗಿದೆ.

2011ರ ಬೇಸಿಗೆಯ ರಜೆಯಲ್ಲಿ ನನ್ನ ತಮ್ಮನು ನಮ್ಮಿಬ್ಬರನ್ನೂ, ಎಂದರೆ ನನ್ನನ್ನೂ ನನ್ನ ಗೃಹಿಣಿಯನ್ನೂ, ಹಾಂಗ್‌ಕಾಂಗಿಗೆ ಕರೆಸಿಕೊಂಡಿದ್ದನು. ಅವನು ಅಲ್ಲಿ ಉದ್ಯೋಗದಲ್ಲಿದ್ದು ಹತ್ತು ವರ್ಷಗಳಾಗಿದ್ದುವು. ಆ ಜನರ ಮಾತನ್ನೂ ಸಂತೆ ವ್ಯವಹಾರಕ್ಕೆ ಸಾಕಾಗುವಷ್ಟು ಕಲಿತಿದ್ದನು. ಒಂದು ದಿನ ಮಧ್ಯಾಹ್ನ ಅವನು, “ಅಣ್ಣಯ್ಯ, ಇಂದು ನಿಮಗೂ ಅತ್ತಿಗೆಗೂ ನೀರಿನ ಮೇಲೆ ಊಟ” ಎಂದು ಹೇಳಿ ನಮ್ಮನ್ನು ಹೊರಡಿಸಿದನು. ನಗರದ ನಡುವಿನಿಂದ ಹೊರಟ ಬಸ್ಸು ಬೆಟ್ಟವನ್ನು ಕೊರೆದು ಮಾಡಿದ ಸುರಂಗವನ್ನು ಹೊಕ್ಕು, ದ್ವೀಪದ ದಕ್ಷಿಣ ಪಾರ್ಶ್ವಕ್ಕೆ ನಮ್ಮನ್ನು ತಂದಿಳಿಸಿತು. ಆ ಸ್ಥಳಕ್ಕೆ ಅಬರ್ಡೀನ್ ಎಂದು ಹೆಸರು. ಅಬರ್ಡೀನ್ ಪ್ರಭುವೆಂಬ ಬ್ರಿಟಿಷ್ ಮಂತ್ರಿಯ ಹೆಸರನ್ನು ಆಂಗ್ಲರು ಅದಕ್ಕೆ ಇಟ್ಟರು. ಚೀನೀಯರು ಅದನ್ನು ‘ಕಿರಿಯ ಹಾಂಗ್‌ಕಾಂಗ್’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಹಾಂಗ್‌ಕಾಂಗ್ ಎಂದರೆ ಸುಗಂಧದ ಬಂದರು. ನಮ್ಮ ಪ್ರಾಚೀನರು ಧೂಪಕ್ಕೆ ಬಳಸುತ್ತಿದ್ದ ಅಗರುವಿನ ಜಾತಿಯ ಮರಗಳು ಆ ಸೀಮೆಯಲ್ಲಿ ಬೆಳೆಯುತ್ತವೆ. ಆ ಸುವಾಸನೆಯ ಕಟ್ಟಿಗೆಯನ್ನು ಇಲ್ಲಿಂದ ಹಡಗುಗಳಿಗೆ ಏರಿಸುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುವವರು ಬಹಳ.

ಅಲ್ಲಿನ ಸಮುದ್ರವನ್ನು ನೋಡಿದವರು ಅದನ್ನು ನದಿಯೆಂದೇ ಭ್ರಮಿಸಬೇಕು. ಈಚೆಗೆ ಹಾಂಗ್‌ಕಾಂಗ್ ದ್ವೀಪ, ಆಚೆಗೆ ‘ಬಾತಿನ ನಾಲಗೆ’ ಎಂಬ ವಿಚಿತ್ರವಾದ ಹೆಸರುಳ್ಳ ಚಿಕ್ಕ ದ್ವೀಪ. ನಡುವೆ ಒಂದು ಹೊಳೆಯಷ್ಟು ಅಗಲದ ನೀರು. ಎರಡು ದಡಗಳಲ್ಲಿಯೂ ಮುಗಿಲೆತ್ತರದ ಮನೆಗಳು; ಅವುಗಳ ಬುಡದಲ್ಲಿ ಒತ್ತೊತ್ತಾಗಿ ನಿಂತ ಮೀನುಗಾರರ ದೋಣಿಗಳು. ಬಿರುಗಾಳಿಯೆದ್ದಾಗ ದೋಣಿಗಳು ಬಂದು ಆಶ್ರಯ ಪಡೆಯುವ ತಾಣವದು. ದೋಣಿಯವರು ಸಮುದ್ರದ ಅಧಿದೇವತೆಯೆಂದು ಪೂಜಿಸುವ ‘ಸ್ವರ್ಗದ ರಾಣಿ’ಗೆ 1851ರಲ್ಲಿ ಕಟ್ಟಿದ ಗುಡಿಯೊಂದು ಅಲ್ಲಿ ಇದೆ. ಈ ನೀರಿನ ನಡುವೆ, ಕೆಂಪು ಹಸುರು ಹೊನ್ನಿನ ಬಣ್ಣಗಳಿಂದ ಕಣ್ಣು ಕೋರೈಸುತ್ತ, ಅಂತಸ್ತಿನ ಮೇಲೆ ಅಂತಸ್ತಾಗಿ ಎದ್ದು ನಿಂತಿದ್ದಿತು ಜಂಬೋ.

ಭೋಜನಶಾಲೆಯವರ ದೋಣಿಯು ಅತಿಥಿಗಳನ್ನು ಹಣವಿಲ್ಲದೆ ಕರೆದೊಯ್ಯುತ್ತಿದ್ದಿತು. ಆದರೆ ಊಟಕ್ಕೆ ಇನ್ನೂ ಹೊತ್ತಿದ್ದುದರಿಂದ ತಮ್ಮನು ಒಂದು ‘ಸಂಪಾನ್’ ಗೊತ್ತುಮಾಡಿದನು. ಸಂಪಾನ್ ಎಂದರೆ ಮೂರು ಹಲಗೆ ಎಂದು ಅರ್ಥವಂತೆ. ಚಿಕ್ಕ ದೋಣಿಗಳಿಗೆಲ್ಲ ಅದೇ ಹೆಸರು. ಅದನ್ನು ನಡೆಸುತ್ತಿದ್ದವಳು ಎಪ್ಪತ್ತರ ಸಮೀಪದ ವೃದ್ಧೆ. ಅಗಲವಾದ ಹುಲ್ಲಿನ ಟೋಪಿಯ ಕೆಳಗೆ, ಬಿಸಿಲಿನಲ್ಲಿ ಬೆಂದ ಆಕೆಯ ಮುಖವು ತಾಮ್ರದ ಚೆಂಬಿನಂತೆ ಹೊಳೆಯುತ್ತಿದ್ದಿತು. ನನ್ನ ಗೃಹಿಣಿಯು ದೋಣಿಯನ್ನೇರುವಾಗ ಅಂಜಿದುದನ್ನು ಕಂಡು ಆಕೆ ಕೈಚಾಚಿ ಹಿಡಿದು ಕುಳ್ಳಿರಿಸಿದಳು. ಆಮೇಲೆ ಆ ಇಬ್ಬರು ಹೆಂಗಸರೂ ಪರಸ್ಪರ ಒಂದು ಮಾತೂ ಬಾರದಿದ್ದರೂ, ಬಳೆಗಳನ್ನು ಮುಟ್ಟಿ, ಮಕ್ಕಳೆಷ್ಟೆಂದು ಬೆರಳೆಣಿಸಿ, ಬೇಗನೆ ಬಳಕೆಯಾದರು.

ತಮ್ಮನ ಮೂಲಕ ನಾನು ಆಕೆಯ ಊರನ್ನು ಕೇಳಿದೆನು. ಆಕೆ ನೀರನ್ನು ತೋರಿಸಿದಳು. ದೋಣಿಯಲ್ಲಿಯೇ ಹುಟ್ಟಿ, ದೋಣಿಯಲ್ಲಿಯೇ ಬೆಳೆದು, ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಸೊಸೆಯಾಗಿ ಹೋದವಳು ಆಕೆ. ಮದುವೆಯ ಔತಣವೆಲ್ಲಿ ನಡೆಯಿತೆಂದು ಕೇಳಿದಾಗ, “ಹಾಡಿನ ಮಂಟಪದ ನಾವೆಯಲ್ಲಿ” ಎಂದಳು. ಅದರ ಅರ್ಥವು ನನಗೆ ಕೂಡಲೆ ತಿಳಿಯಲಿಲ್ಲ. ತಮ್ಮನು ವಿವರಿಸಿದ ಮೇಲೆಯೇ ಜಂಬೋವಿನ ಹುಟ್ಟಿಗೆ ಮೂಲವೆಲ್ಲಿದೆಯೆಂಬುದು ಗೊತ್ತಾಯಿತು.

ಚೀನಾ ದೇಶದ ದಕ್ಷಿಣ ತೀರದಲ್ಲಿ, ತಲತಲಾಂತರಗಳಿಂದ ದೋಣಿಯನ್ನೇ ಮನೆಯಾಗಿ ಮಾಡಿಕೊಂಡ ಜನಾಂಗವೊಂದಿದೆ. ನೆಲದ ಮೇಲಿನವರು ಅವರನ್ನು ಕೀಳಾಗಿ ಕಾಣುತ್ತಿದ್ದರು. ಅವರೊಡನೆ ಕೊಳುಕೊಡೆಯಿಲ್ಲ, ರಾಜ್ಯದ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಅಧಿಕಾರವಿಲ್ಲ, ದಡದಲ್ಲಿ ಮನೆ ಕಟ್ಟುವುದಕ್ಕೂ ಅಡ್ಡಿ. 1729ರಲ್ಲಿ ಯುಂಗ್‌ಚೆಂಗ್ ಚಕ್ರವರ್ತಿಯು ಅವರು ನೆಲದ ಮೇಲೆ ವಾಸಿಸಬಹುದೆಂದು ಆಜ್ಞೆ ಹೊರಡಿಸಿದನು. ಆದರೆ ಆಜ್ಞೆಯ ಮಾತ್ರದಿಂದ ಜನರ ಮನಸ್ಸು ಬದಲಾಗುವುದುಂಟೆ? ತಿರಸ್ಕಾರವು ಮುಂದೆಯೂ ಉಳಿಯಿತು. ದೋಣಿಯವರ ಮನೆಯಲ್ಲಿ ಮದುವೆಯೋ ಹಿರಿಯರ ಹುಟ್ಟುಹಬ್ಬವೋ ಬಂದರೆ, ಬಂಧುಬಳಗಕ್ಕೆಲ್ಲ ಎಲ್ಲಿ ಬಡಿಸುವುದು? ಸ್ವಂತ ದೋಣಿಯಲ್ಲಿ ಹತ್ತು ಜನ ಕುಳಿತುಕೊಳ್ಳುವುದಕ್ಕೂ ಸ್ಥಳವಿಲ್ಲ. ಇದಕ್ಕಾಗಿಯೇ ದೊಡ್ಡ ದೊಡ್ಡ ನಾವೆಗಳನ್ನು ಸಿಂಗರಿಸಿ ಬಾಡಿಗೆಗೆ ಕೊಡುವವರು ಹುಟ್ಟಿಕೊಂಡರು. ಅಲ್ಲಿಯೇ ಹಸೆ, ಅಲ್ಲಿಯೇ ಅಡಿಗೆ, ಅಲ್ಲಿಯೇ ಹಾಡು. ಅವೇ ಹಾಡಿನ ಮಂಟಪದ ನಾವೆಗಳು.

ಆ ನಾವೆಗಳಲ್ಲಿ ಆಗತಾನೆ ಹಿಡಿದ ಮೀನಿನ ಅಡಿಗೆಯು ರುಚಿಯಾಗಿರುವುದೆಂಬ ಸುದ್ದಿಯು ನಗರಕ್ಕೆ ಮುಟ್ಟಿತು. ನೆಲದವರೂ ಬರತೊಡಗಿದರು. 1950ರ ಸುಮಾರಿಗೆ ‘ತಾಯ್ ಪಾಕ್’ ಎಂಬ ತೇಲುವ ಭೋಜನಶಾಲೆಯು ಆರಂಭವಾಯಿತು. ಈ ಹೆಸರು 8ನೆಯ ಶತಮಾನದ ಮಹಾಕವಿ ಲೀ ಪೋವಿನದು. ತಾಯ್ ಪಾಕ್ ಎಂಬುದು ಶುಕ್ರಗ್ರಹಕ್ಕೂ ಹೆಸರು. ಅವನನ್ನು ಹೆರುವ ಮುನ್ನ ತಾಯಿಯು ಶುಕ್ರನನ್ನು ಕನಸಿನಲ್ಲಿ ಕಂಡಳೆಂದು ಪ್ರತೀತಿ. ಅವನು ದೋಣಿಯಲ್ಲಿ ಪಾನಮತ್ತನಾಗಿ, ನೀರಿನಲ್ಲಿ ಕಂಡ ಚಂದ್ರಬಿಂಬವನ್ನು ಅಪ್ಪಿಕೊಳ್ಳಲು ಹೋಗಿ ಮುಳುಗಿದನೆಂದು ಐತಿಹ್ಯವಿದೆ. ತೇಲುವ ಮನೆಗೆ ಮುಳುಗಿದವನ ಹೆಸರನ್ನಿಟ್ಟವರ ಧೈರ್ಯವನ್ನು ಮೆಚ್ಚಬೇಕು!

ವೃದ್ಧೆಯು ದೋಣಿಯನ್ನು ಜಂಬೋವಿನ ಪಕ್ಕಕ್ಕೆ ತಂದಳು. ನಾನು, “ಇಲ್ಲಿ ತಾವು ಎಷ್ಟು ಸಲ ಉಂಡಿರುವಿರಿ?” ಎಂದು ಕೇಳಿಸಿದೆನು. ಆಕೆ ಗಟ್ಟಿಯಾಗಿ ನಕ್ಕುಬಿಟ್ಟಳು. ಒಂದು ಸಲವೂ ಇಲ್ಲ! ಮಗನ ಮದುವೆಯ ಔತಣವು ದಡದ ಮೇಲಿನ ಹೋಟೆಲಿನಲ್ಲಿ ನಡೆಯಿತಂತೆ. ಸರಕಾರದವರು ಕಟ್ಟಿಸಿದ ಎತ್ತರದ ಮನೆಯೊಂದರಲ್ಲಿ ಈಗ ವಾಸ. ಮೊಮ್ಮಕ್ಕಳಿಗೆ ಈಜಲು ಸಹ ಬಾರದು. “ಇದು ನಿಮ್ಮಂಥ ದೂರದವರಿಗೆ. ನಮ್ಮವರು ಇಲ್ಲಿಗೆ ಬರುವುದಿಲ್ಲ” ಎಂದು ಹೇಳಿ ಚುಕ್ಕಾಣಿಯನ್ನು ತಿರುಗಿಸಿದಳು. ಅದರಲ್ಲಿ ದುಃಖವಾಗಲಿ ದೂರಾಗಲಿ ಇರಲಿಲ್ಲ. ಗಟ್ಟಿ ನೆಲದ ಮೇಲೆ, ನಲ್ಲಿಯ ನೀರಿನ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಸುಖವಾಗಿರುವುದು ಆಕೆಗೆ ಹೆಮ್ಮೆಯಾಗಿದ್ದಿತು.

ಸಂಜೆಯಾಗುತ್ತಲೆ ನಾವು ಜಂಬೋವನ್ನು ಪ್ರವೇಶಿಸಿದೆವು. ಅದರ ಜನನದ ವೃತ್ತಾಂತವು ಸುಖಕರವಾದುದಲ್ಲ. ಮೊದಲು ಕಟ್ಟಿದ ನಾವೆಯು ಬಾಗಿಲು ತೆರೆಯುವುದಕ್ಕೆ ಮುಂಚೆಯೇ, 1971ರ ಅಕ್ಟೋಬರ್ 30ರಂದು ಬೆಂಕಿಗೆ ಆಹುತಿಯಾಯಿತು. 34 ಮಂದಿ ಸತ್ತರು, 42 ಮಂದಿ ಗಾಯಗೊಂಡರು. ಆಮೇಲೆ ಸ್ಟಾನ್ಲಿ ಹೋ ಮತ್ತು ಚೆಂಗ್ ಯು ತುಂಗ್ ಎಂಬ ಇಬ್ಬರು ಧನಿಕರು ಅದನ್ನು ಕೊಂಡು, ನಾಲ್ಕು ವರ್ಷಗಳ ಕಾಲ ಕೆಲಸ ನಡೆಸಿ, ಮೂರು ಕೋಟಿ ಹಾಂಗ್‌ಕಾಂಗ್ ಡಾಲರುಗಳಿಗೂ ಮೀರಿ ವೆಚ್ಚಮಾಡಿ, 1976ರಲ್ಲಿ ತೆರೆದರು. ಉದ್ದ ಸುಮಾರು 80 ಮೀಟರು. ಪಕ್ಕದ ತಾಯ್ ಪಾಕನ್ನೂ ಸೇರಿಸಿದರೆ ಏಕಕಾಲಕ್ಕೆ 2,300 ಮಂದಿ ಪಂಕ್ತಿಗೆ ಕುಳಿತುಕೊಳ್ಳಬಹುದಾಗಿದ್ದಿತು. ಅಡಿಗೆಯ ಮನೆಯಾದರೋ ಹಿಂದೆ ಕಟ್ಟಿದ್ದ ಬೇರೊಂದು ನಾವೆ.

ಹೆಸರಿನಲ್ಲಿಯೂ ಒಂದು ಚಮತ್ಕಾರವಿದ್ದಿತು. ಜಂಬೋ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ನಗರದ ಮೃಗಾಲಯದಲ್ಲಿದ್ದ ಪ್ರಖ್ಯಾತವಾದ ಆನೆಯ ಹೆಸರು. ಅಂದಿನಿಂದ ಆಂಗ್ಲಭಾಷೆಯಲ್ಲಿ ಬೃಹತ್ತಾದುದಕ್ಕೆಲ್ಲ ಆ ಹೆಸರು ಸಂದಿದೆ. ಚೀನೀ ಭಾಷೆಯಲ್ಲಿ ಅದೇ ಧ್ವನಿಗೆ ಹತ್ತಿರವಾದ ಎರಡು ಅಕ್ಷರಗಳನ್ನು ಆರಿಸಿದ್ದರು; ಅವುಗಳ ಅರ್ಥ ಅಮೂಲ್ಯವಾದ ನಿಧಿ. ಪರದೇಶಿಗೆ ಗಾತ್ರವನ್ನೂ ಸ್ವದೇಶಿಗೆ ಬೆಲೆಯನ್ನೂ ಒಂದೇ ಹೆಸರು ಹೇಳುತ್ತಿದ್ದಿತು.

ಒಳಗೆ ಮಿಂಗ್ ವಂಶದ ಚಕ್ರವರ್ತಿಗಳ ಅರಮನೆಯ ಮಾದರಿ. ಕಂಬಗಳನ್ನು ಸುತ್ತಿಕೊಂಡ ಹೊನ್ನಿನ ಬಣ್ಣದ ಸರ್ಪಾಕಾರದ ಡ್ರೇಗನ್ನುಗಳು, ಚಿತ್ರವಿಚಿತ್ರವಾದ ಗೋಡೆಗಳು, ನಡುವೆ ಒಂದು ಸಿಂಹಾಸನ. ಬಂದವರೆಲ್ಲ ಅದರ ಮೇಲೆ ಕುಳಿತು ಪಟ ತೆಗೆಸಿಕೊಳ್ಳುತ್ತಿದ್ದರು. ನನ್ನ ಗೃಹಿಣಿಯು ಎಷ್ಟು ಹೇಳಿದರೂ ಕುಳಿತುಕೊಳ್ಳಲೊಲ್ಲಳು. “ಸಿಂಹಾಸನ ಸಿಂಹಾಸನವೇ. ನಾಟಕದ್ದಾದರೆ ಏನು?” ಎಂದಳು. ಕತ್ತಲಾಗುತ್ತಲೆ ಹೊರಗಿನ ಸಾವಿರಾರು ದೀಪಗಳು ಒಮ್ಮೆಲೇ ಬೆಳಗಿದುವು. ನೀರಿನಲ್ಲಿ ಇನ್ನೊಂದು ಅರಮನೆಯು ತಲೆಕೆಳಗಾಗಿ ನಿಂತಿತು. ನಮ್ಮ ಪುಷ್ಕರಿಣಿಗಳಲ್ಲಿ ತೆಪ್ಪೋತ್ಸವವನ್ನು ಕಂಡವರಿಗೆ ಆ ಸೊಗಸನ್ನು ಬಣ್ಣಿಸಬೇಕಾದುದಿಲ್ಲ.

ಜಂಬೋವಿನ ಕೀರ್ತಿಯೆಲ್ಲ ಮೀನಿನ ಅಡಿಗೆಯದು. ಶಾಕಾಹಾರಿಗಳಾದ ನಮಗೆ ಅಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ತಮ್ಮನು ಮುಂಚಿತವಾಗಿಯೇ ಹೇಳಿ ಏರ್ಪಡಿಸಿದ್ದನು. ಬಂದ ಮುಖ್ಯ ಭಕ್ಷ್ಯದ ಹೆಸರು ‘ಲೋ ಹಾನ್ ಚಾಯ್’. ಕಳಲೆ, ಹುರುಳಿಕಾಯಿ, ಸೋಯಾ ಕಾಳಿನ ಹಾಲಿನ ಕೆನೆ, ಕಪ್ಪು ಅಣಬೆ ಮೊದಲಾದುವನ್ನು ಕೂಡಿಸಿ ಬೇಯಿಸಿದುದು. ಬೌದ್ಧ ಭಿಕ್ಷುಗಳ ಆಹಾರ. ಹದಿನೆಂಟು ಪದಾರ್ಥಗಳಿರಬೇಕೆಂದು ಸಂಪ್ರದಾಯ. ಏಕೆಂದರೆ ಲೋ ಹಾನರು ಹದಿನೆಂಟು ಮಂದಿ. ಈ ಲೋ ಹಾನರು ಯಾರು? ನಮ್ಮ ಸಂಸ್ಕೃತದ ‘ಅರ್ಹನ್’ ಶಬ್ದವೇ ಬೌದ್ಧ ಗ್ರಂಥಗಳೊಡನೆ ಚೀನಾಕ್ಕೆ ಹೋಗಿ, ಆ ಜನರ ನಾಲಗೆಯ ಮೇಲೆ ಸವೆದು, ಲೋ ಹಾನ್ ಆಗಿದೆ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧವೆಂದು ಕೇಳಿ ನನ್ನ ಗೃಹಿಣಿಗೆ ಮಡಿಯ ಅಡಿಗೆಯೇ ದೊರೆತಷ್ಟು ಸಮಾಧಾನವಾಯಿತು. ಅಣಬೆಗಳನ್ನು ಮಾತ್ರ ಒಂದೊಂದಾಗಿ ಆರಿಸಿ ಮೈದುನನ ತಟ್ಟೆಗೆ ಸೇರಿಸಿದಳು.

ಊಟದೊಡನೆ ಕುಡಿಯಲು ಮಲ್ಲಿಗೆಯ ಪರಿಮಳದ ಚಹಾ ಬಂದಿತು. ಬಟ್ಟಲು ತುಂಬಿದಾಗ ತಮ್ಮನು ಎರಡು ಬೆರಳುಗಳನ್ನು ಮಡಿಸಿ ಮೇಜಿನ ಮೇಲೆ ಮೆಲ್ಲನೆ ತಟ್ಟಿದನು. ಅದು ಕೃತಜ್ಞತೆಯ ಕುರುಹು. ಚಕ್ರವರ್ತಿಯೊಬ್ಬನು ಮಾರುವೇಷದಲ್ಲಿ ತಿರುಗುವಾಗ ತನ್ನ ಕೈಯಾರೆ ಸೇವಕನಿಗೆ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ಹೊರಪಡುವುದೆಂದು ಆ ಸೇವಕನು ಬೆರಳುಗಳಿಂದಲೇ ನಮಸ್ಕರಿಸಿದನಂತೆ. ಚೀನೀಯರು ಮಲ್ಲಿಗೆಯನ್ನು ‘ಮೋ ಲೀ’ ಎನ್ನುತ್ತಾರೆ. ಇದೂ ನಮ್ಮ ‘ಮಲ್ಲಿಕಾ’ ಶಬ್ದದಿಂದ ಬಂದುದೆಂದು ವಿದ್ವಾಂಸರ ಮತ. ನಾವು ಅವರಿಗೆ ಮಲ್ಲಿಗೆಯನ್ನು ಕೊಟ್ಟೆವು, ಅವರು ನಮಗೆ ಚಹಾ ಎಂಬ ಮಾತನ್ನೂ ಆ ಪಾನೀಯವನ್ನೂ ಕೊಟ್ಟರು. ಎರಡೂ ಒಂದೇ ಬಟ್ಟಲಿನಲ್ಲಿ ಕೂಡಿ ನನ್ನ ಮುಂದೆ ಇದ್ದುವು. ಬಹುಕಾಲ ಸಂಸ್ಕೃತವನ್ನು ಪಾಠಹೇಳಿದ ನನಗೆ ಅಂದಿನ ಊಟದಲ್ಲಿ ಇದಕ್ಕಿಂತ ರುಚಿಯಾದುದು ಬೇರೊಂದಿರಲಿಲ್ಲ.

ಅಂದು ಅಲ್ಲಿ ಜನಸಂದಣಿಯಿದ್ದಿತು. ಆದರೆ ಕಣ್ಣಾಡಿಸಿದಾಗ ಬಹುಮಟ್ಟಿಗೆ ಎಲ್ಲರೂ ನಮ್ಮಂತೆಯೇ ಹೊರಗಿನಿಂದ ಬಂದವರು. ಒಂದು ಸಲ ನೋಡಿ, ಪಟ ತೆಗೆಸಿಕೊಂಡು, ಹೋಗಿಬಿಡುವವರು. ವೃದ್ಧೆಯ ಮಾತು ನೆನಪಿಗೆ ಬಂದಿತು.

ಮುಂದಿನ ಸಂಗತಿಗಳನ್ನು ದೂರದಿಂದ ತಿಳಿದೆನು. ಇಂಗ್ಲೆಂಡಿನ ಎಲಿಜಬೆತ್ ರಾಣಿಯಿಂದ ಹಿಡಿದು ಸಾಮಾನ್ಯ ಯಾತ್ರಿಕನವರೆಗೆ ಮೂರು ಕೋಟಿಗೂ ಹೆಚ್ಚು ಮಂದಿಗೆ ಆತಿಥ್ಯ ನೀಡಿದೆವೆಂದು ಹೇಳಿಕೊಳ್ಳುತ್ತಿದ್ದ ಸಂಸ್ಥೆಯು 2013ರಿಂದ ನಷ್ಟಕ್ಕೆ ಸಿಕ್ಕಿತು. ಕೆಲವು ವರ್ಷಗಳಲ್ಲಿ ಆ ನಷ್ಟವು ಹತ್ತು ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ಮೀರಿತು. ಕೋವಿಡ್ ಮಹಾಮಾರಿಯಿಂದ ಹೊರಗಿನವರು ಬರುವುದು ನಿಂತೊಡನೆ, 2020ರ ಮಾರ್ಚಿಯಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಮೇ ತಿಂಗಳಲ್ಲಿ ಸ್ಟಾನ್ಲಿ ಹೋ ತೀರಿಕೊಂಡನು. ನವೆಂಬರಿನಲ್ಲಿ ಹಾಂಗ್‌ಕಾಂಗಿನ ಸರಕಾರವು, ಜಂಬೋವನ್ನು ಸಮೀಪದ ‘ಓಷನ್ ಪಾರ್ಕ್’ ಎಂಬ ವಿಹಾರೋದ್ಯಾನಕ್ಕೆ ದಾನವಾಗಿ ಕೊಡಿಸಿ ಉಳಿಸುವ ಯೋಜನೆಯನ್ನು ಸಾರಿತು. ನಡೆಸುವವರು ಸಿಕ್ಕದೆ ಅದು ಮುರಿದುಬಿದ್ದಿತು. ಒಡೆಯರು ಹತ್ತಕ್ಕೂ ಹೆಚ್ಚು ಸಂಸ್ಥೆಗಳಿಗೆ ಬಿಟ್ಟಿಯಾಗಿ ಕೊಡುವೆವೆಂದರೂ ಯಾರೂ ಮುಂದೆ ಬರಲಿಲ್ಲ. ಹಡಗಿನ ತಳವನ್ನು ಕೆರೆದು ಬಣ್ಣ ಬಳಿಯಬೇಕು, ಪರೀಕ್ಷೆ ಮಾಡಿಸಬೇಕು, ಪರವಾನಗಿ ಪಡೆಯಬೇಕು. ಉಣ್ಣುವವರಿಲ್ಲದಿದ್ದರೂ ಈ ವೆಚ್ಚವು ತಪ್ಪದು.

2022ರ ಮೇ ತಿಂಗಳ ಕಡೆಯ ರಾತ್ರಿ ಅಡಿಗೆಯ ನಾವೆಯು ಒಂದು ಪಕ್ಕಕ್ಕೆ ವಾಲಿ ನೀರು ತುಂಬಿಕೊಂಡಿತು. ಜೂನ್ 14ರಂದು, ಸ್ವಂತ ಯಂತ್ರವಿಲ್ಲದ ಜಂಬೋವನ್ನು ಬೇರೆ ಹಡಗುಗಳು ಎಳೆದುಕೊಂಡು ಹೊರಟುವು. ದಡದಲ್ಲಿ ನೂರಾರು ಮಂದಿ ನಿಂತು ಬೀಳ್ಕೊಟ್ಟರಂತೆ. ನಾಲ್ಕು ದಿನಗಳಾದ ಮೇಲೆ ದಕ್ಷಿಣ ಚೀನಾ ಸಮುದ್ರದ ಪಾರಾಸೆಲ್ ದ್ವೀಪಗಳ ಬಳಿ ಅಲೆಗಳು ಹೆಚ್ಚಿ, ನೀರು ಒಳಹೊಕ್ಕು, ಜೂನ್ 19ರಂದು ಅದು ಮಗುಚಿಕೊಂಡಿತು. ಪ್ರಾಣಹಾನಿಯಾಗಲಿಲ್ಲ. ಅಲ್ಲಿ ಆಳವು ಸಾವಿರ ಮೀಟರಿಗೂ ಹೆಚ್ಚೆಂದೂ, ಮೇಲೆತ್ತುವುದು ಅತಿಕಷ್ಟವೆಂದೂ ಒಡೆಯರು ತಿಳಿಸಿದರು. ಚಂದ್ರನನ್ನು ಅಪ್ಪಲು ಹೋದ ಕವಿಯ ಹೆಸರಿನ ತಾಯ್ ಪಾಕ್ ಮಾತ್ರ ಆಗ ಅಬರ್ಡೀನಿನಲ್ಲಿಯೇ ಉಳಿದಿದ್ದಿತು.

ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹೇಳಿದಾಗ ನನ್ನ ಗೃಹಿಣಿಯು ಸಿಂಹಾಸನವನ್ನಾಗಲಿ ದೀಪಗಳನ್ನಾಗಲಿ ನೆನೆಯಲಿಲ್ಲ. “ಆ ಅಜ್ಜಿಗೆ ಈಗ ಎಂಬತ್ತಾಗಿರಬೇಕು. ದೋಣಿಗೆ ಗಿರಾಕಿಗಳು ಉಂಟೋ ಇಲ್ಲವೋ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಜಂಬೋವನ್ನು ಕುರಿತು ಅಂದು ಸಾವಿರಾರು ಮಂದಿ ಮರುಗಿದರು. ಆ ಮರುಕವು ಸುಳ್ಳಲ್ಲ. ಆದರೆ ಅವರಲ್ಲಿ ಎಷ್ಟು ಮಂದಿ ಕಡೆಯ ಹತ್ತು ವರ್ಷಗಳಲ್ಲಿ ಅಲ್ಲಿಗೆ ಹೋಗಿ ಉಂಡಿದ್ದರು? ಹಾಡಿನ ಮಂಟಪದ ನಾವೆಗಳು ಜನರ ಅಗತ್ಯದಿಂದ ಹುಟ್ಟಿದುವು. ಆ ಅಗತ್ಯದ ಹಿಂದೆ ಒಂದು ಅನ್ಯಾಯವೂ ಇದ್ದಿತು. ದೋಣಿಯವರಿಗೆ ದಡದಲ್ಲಿ ಮನೆಯಾಗಿ, ಅವರ ಮಕ್ಕಳ ಮದುವೆಗಳು ನೆಲದ ಮೇಲೆ ನಡೆಯತೊಡಗಿದುದು ಒಳ್ಳೆಯದೇ. ಅದನ್ನು ನಷ್ಟವೆಂದು ಯಾವ ವಿವೇಕಿಯೂ ಹೇಳಲಾರನು. ಅಂದಿನಿಂದ ಆ ಅರಮನೆಗೆ ತನ್ನವರೆಂಬವರು ಇಲ್ಲವಾದರು. ನೋಡಬಂದವರು ಅದನ್ನು ಬಹುಕಾಲ ತೇಲಿಸಿದರು. ಅವರೂ ನಿಂತ ದಿನ ಅದನ್ನು ಹಿಡಿದಿಡುವವರು ಯಾರೂ ಇರಲಿಲ್ಲ.

ನಮ್ಮ ಮನೆಗಳಲ್ಲಿಯೂ ಅಟ್ಟದ ಮೇಲೆ ಹಿರಿಯರ ಕಾಲದ ಸಾಮಾನುಗಳಿವೆ. ಮಾರಲು ಮನಸ್ಸಿಲ್ಲ, ಬಳಸಲು ವ್ಯವಧಾನವಿಲ್ಲ. ದೊಡ್ಡ ಕೊಳದಪ್ಪಲೆಗೆ ಕಲಾಯಿ ಹಾಕಿಸಿ ವರ್ಷಕ್ಕೊಮ್ಮೆಯಾದರೂ ಒಲೆಯ ಮೇಲೇರಿಸುವ ಮನೆಯಲ್ಲಿ ಅದು ಉಳಿಯುತ್ತದೆ. ಬಂದವರಿಗೆ ತೋರಿಸುವುದಕ್ಕೆಂದು ಮಾತ್ರ ಇಟ್ಟ ಮನೆಯಲ್ಲಿ ಎಂದೋ ಒಂದು ದಿನ ಗುಜರಿಯವನ ಪಾಲಾಗುತ್ತದೆ. ಮಲ್ಲಿಕಾ ಶಬ್ದವು ಸಾವಿರಾರು ಮೈಲಿ ಸಾಗಿ ಪರಕೀಯರ ನಾಲಗೆಯಲ್ಲಿ ಇಂದಿಗೂ ಬದುಕಿದೆ. ಅದನ್ನು ಉಳಿಸಬೇಕೆಂದು ಯಾರೂ ಸಭೆ ಸೇರಲಿಲ್ಲ. ಹೂವು ಮಾರುವವರೂ ಚಹಾ ಕಾಯಿಸುವವರೂ ದಿನವೂ ಅದನ್ನು ಆಡುತ್ತ ಬಂದರು, ಅಷ್ಟೆ.